ಬೋರಣ್ಣ ಭಾವನ ಬೆಳ್ಳಿ ರೂಪಾಯಿಗೆ ನಾನು ಮಾಡಿದ ಉಪಕಾರ

ಹಳೇ ಸಾಮಾನು ಕೊಳ್ಳುವವರಿಗೆಲ್ಲ ನಾನು ಬಿಟ್ಟಿಯಾಗಿ ಕೊಡುವ ಸಲಹೆ ಒಂದಿದೆ. ಮೊದಲು ಅಂಚಿನ ಮೇಲೆ ಬೆರಳಾಡಿಸಿ. ಮೇಜಾಗಲಿ, ಬೀರುವಾಗಲಿ, ಒಂದು ಚೂರು ಎದ್ದಿದ್ದರೆ ಸಾಕು, "ಅಯ್ಯೋ, ಅಂಚೇ ಹೋಗ್ಬುಟ್ಟಿದೆಯಲ್ಲ ಸ್ವಾಮಿ!" ಅಂತ ಮುಖ ಸಣ್ಣದು ಮಾಡಿ. ಮಾರುವವನ ಮುಖ ಇನ್ನೂ ಸಣ್ಣದಾಗುತ್ತೆ. ಆಮೇಲೆ ನೀವು ಹೇಳಿದ್ದೇ ರೇಟು. ಈ ಒಂದು ವಿದ್ಯೆಯಿಂದ ರಾಜೀವನಗರದಲ್ಲಿ ಹಳೇ ಫರ್ನಿಚರ್ ಅಂಗಡಿ ನಡೆಸಿ, ವಿಜಯನಗರದಲ್ಲಿ ಮನೆ ಕಟ್ಟಿದವನು ನಾನು. ಕೊಂಡ ಮೇಲೆ ಅದೇ ಅಂಚಿಗೆ ಮೇಣ ತುಂಬಿ, ಪಾಲಿಶ್ ಹೊಡೆದು ಹೊಸದು ಮಾಡುವುದು ನನ್ನ ಎರಡನೇ ವಿದ್ಯೆ.

ಇಂಥ ನನ್ನ ಕೈಗೆ ಬೋರಣ್ಣ ಭಾವ ಒಂದು ಬೆಳ್ಳಿ ರೂಪಾಯಿ ಕೊಟ್ಟುಬಿಟ್ಟರು!

ಬೋರಣ್ಣ ನನ್ನ ಹೆಂಡತಿ ಮಂಜುಳನ ಅಣ್ಣ. ಬಸ್ ಕಂಡಕ್ಟರಾಗಿದ್ದು ರಿಟೈರಾಗಿ ಬೋಗಾದಿಯಲ್ಲಿದ್ದಾರೆ. ನಾನು ಅಂಗಡಿ ಬಾಡಿಗೆಗೆ ಕೇಳಲು ಹೋದಾಗ ಮಾಲೀಕ ನನ್ನನ್ನು ನಂಬದೆ ಬಾಗಿಲಲ್ಲೇ ನಿಲ್ಲಿಸಿದ್ದ. ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಬಂದು, "ಇವರು ನಮ್ಮವರು, ಜವಾಬ್ದಾರಿ ನಂದು" ಅಂದವರು ಬೋರಣ್ಣ. ಆ ಒಂದು ಮಾತಿನ ಮೇಲೆ ನನ್ನ ಅಂಗಡಿ ಷಟರ್ ಇವತ್ತಿಗೂ ಏಳುತ್ತಿದೆ. ಅಂಥವರಿಗೆ ಇದ್ದದ್ದು ಒಂದೇ ಆಸೆ. ನಾಣ್ಯ ಸಂಗ್ರಹಿಸುವವರ ಸಂಘದ ಪ್ರದರ್ಶನದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಅವರವ್ವ ಕೊಟ್ಟ ಈ ರೂಪಾಯಿ ಕೂರಬೇಕು. ಎಷ್ಟು ಸವೆದಿದೆ ಎಂದು ಪರೀಕ್ಷಿಸಿ ಸಂಘದವರು ಕೊಡುವ ಗ್ರೇಡ್ ಸಿಕ್ಕಿದ ನಾಣ್ಯಕ್ಕೆ ಮಾತ್ರ ಅಲ್ಲಿ ಜಾಗ. ಮಂಡಿನೋವು ಅಂತ ಗ್ರೇಡ್ ಮಾಡಿಸುವ ಕೆಲಸ ನನಗೆ ಒಪ್ಪಿಸಿದರು.

"ಕೆಂಪಣ್ಣ, ಇದ್ದಂಗೇ ತಗೊಂಡೋಗಿ ಇದ್ದಂಗೇ ತೋರ್ಸಿ. ಅಷ್ಟೇ."

ಅಷ್ಟೇ ಅಂದರೆ ಅಷ್ಟಕ್ಕೇ ನಿಲ್ಲುವ ಆಸಾಮಿಯೇ ನಾನು?

ಮನೆಗೆ ಬಂದವನೇ ಅಂಚಿನ ಮೇಲೆ ಬೆರಳಾಡಿಸಿದೆ. ಎಳ್ಳುಕಾಳಿನಷ್ಟು ಒಂದು ತಗ್ಗು! ನನ್ನಂಥವನೇ ಒಬ್ಬ ಅಲ್ಲೂ ಕೂತಿರುತ್ತಾನೆ, ಇದನ್ನು ಹಿಡಿದೇ ಹಿಡಿಯುತ್ತಾನೆ ಎಂದುಕೊಂಡೆ. ಕಬ್ಬಿಣ ಉಜ್ಜುವ ಅರ ಹುಡುಕಿದೆ.

"ರೀ, ಅಣ್ಣ ಇದ್ದಂಗೇ ತೋರ್ಸಿ ಅಂದಿಲ್ವಾ?" ಎಂದಳು ಮಂಜುಳ.

"ನಿಮ್ಮಣ್ಣ ಟಿಕೆಟ್ ಹರಿದೋರು ಕಣೇ. ಅಂಚಿನ ವಿಷ್ಯ ನಂಗೆ ಬುಡು."

ನಾಲ್ಕು ಸಲ ಅರ ಎಳೆದೆ. ತಗ್ಗು ಮಾಯ! ಜೊತೆಗೆ ನಾಣ್ಯದ ಅಂಚಿನ ಸುತ್ತ ಸಾಲಾಗಿ ಇರುತ್ತಲ್ಲ ಸಣ್ಣ ಗೀರು, ಅಷ್ಟು ಜಾಗದಲ್ಲಿ ಅದೂ ಮಾಯ. ಬೋಳು! ಗರಗಸದ ಬ್ಲೇಡು ತಂದು ಹೊಸ ಗೀರು ಕೊರೆದೆ. ಹಳೇ ಗೀರುಗಳು ಪರೇಡಿನಲ್ಲಿ ನಿಂತವರಂತೆ ನೆಟ್ಟಗಿದ್ದವು. ನನ್ನವು ಬ್ರೇಕ್ ಹಾಕಿದಾಗ ವಾಲಿದ ಸಿಟಿ ಬಸ್ಸಿನ ಜನ. ಸಾಲದ್ದಕ್ಕೆ ಅರ ತಾಗಿದ ಕಡೆ ಬೆಳ್ಳಗೆ, ಉಳಿದದ್ದು ಕಪ್ಪಗೆ. ದೇವರ ಮನೆಯ ಬೆಳ್ಳಿ ದೀಪಕ್ಕೆ ಹಾಕುವ ಹಾಗೆ ಟೂತ್‌ಪೇಸ್ಟ್ ಹಾಕಿ ಇಡೀ ರೂಪಾಯಿ ಉಜ್ಜಿದೆ. ನಾಣ್ಯದ ಮೇಲಿದ್ದ ರಾಜನ ಮುಖಕ್ಕೆ ಆಗಷ್ಟೇ ಶೇವಿಂಗ್ ಮಾಡಿಸಿದ ಕಳೆ ಬಂತು.

"ಹೆಂಗಿದೆ?"

"ಚಾಕೊಲೇಟಿಗೆ ಸುತ್ತೋ ಕಾಗದದ ಥರ ಇದೆ" ಎಂದು ಮಂಜುಳ ಅಡುಗೆಮನೆಗೆ ಹೋದಳು.

ಸಂಘದಲ್ಲಿ ನಾಣ್ಯ ಪರೀಕ್ಷಿಸುವವರು ಲಲಿತಾ ಮೇಡಂ. ನಾಣ್ಯ ಮುಂದಿಟ್ಟು, "ಅಂಚು ನೋಡಿ ಮೇಡಂ, ಅಂಚು!" ಎಂದು ನಾನೇ ತೋರಿಸಿದೆ. ಅವರು ಭೂತಗನ್ನಡಿ ಹಿಡಿದರು. ತುಂಬಾ ಹೊತ್ತು ಹಿಡಿದರು.

"ಯಾರು ಇದನ್ನ ಮಾಡಿದ್ದು?"

"ನಾನೇ!" ಎಂದೆ, ಎದೆಯುಬ್ಬಿಸಿ.

"ಮೊದಲು ಏನಿತ್ತು ಇಲ್ಲಿ?"

"ಎಳ್ಳುಕಾಳಷ್ಟು ತಗ್ಗು ಮೇಡಂ."

"ಜನರ ಕೈಯಲ್ಲಿ ಓಡಾಡಿದ ನಾಣ್ಯಕ್ಕೆ ಅಷ್ಟು ಪೆಟ್ಟು ಇದ್ದೇ ಇರುತ್ತೆ. ಹೆಚ್ಚಂದ್ರೆ ಒಂದು ಮೆಟ್ಟಿಲು ಇಳಿಸ್ತಿದ್ವಿ. ಗ್ರೇಡ್ ಅಂತೂ ಸಿಗ್ತಿತ್ತು."

"ಈಗ?"

"ಈಗ ಮೆಟ್ಟಿಲೇ ಇಲ್ಲ. ಅರ ಹಾಕಿ ಉಜ್ಜಿದ ನಾಣ್ಯಕ್ಕೆ ಗ್ರೇಡ್ ಕೊಡೋ ಹಾಗಿಲ್ಲ."

ನಾನು ಬಿಡುವವನೇ? "ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ ಮೇಡಂ. ಕಟ್ಟಕಡೇ ಗ್ರೇಡ್ ಒಂದು ಹಾಕ್ಬುಡಿ!"

"ಇದು ಸೊಪ್ಪಿನ ವ್ಯಾಪಾರ ಅಲ್ಲ ಕಣ್ರೀ."

ಬೋಗಾದಿಗೆ ಹೋಗುವಾಗ ಸ್ಕೂಟರಿಗೂ ನನಗೂ ಉಸಿರಿರಲಿಲ್ಲ. ಭಾವ ರೂಪಾಯಿ ತಿರುಗಿಸಿ ತಿರುಗಿಸಿ ನೋಡಿದರು.

"ಇಲ್ಲೊಂದು ತಗ್ಗಿತ್ತಲ್ಲ?"

"ತೆಗೆದ್ಬುಟ್ಟೆ ಭಾವ. ಗ್ರೇಡೂ ಹೋಯ್ತು."

"ಚಿಕ್ಕೋನಾಗಿದ್ದಾಗ ನಾನೇ ಒರಳಿನ ಮೇಲೆ ಇಟ್ಟು ಜಜ್ಜಿದ್ದು ಅದು. ಅವ್ವ ಬೀದಿಯೆಲ್ಲ ಅಟ್ಟಾಡಿಸಿ ಹೊಡೆದಿದ್ಲು."

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಇದ್ದಕ್ಕಿದ್ದಂತೆ ನಕ್ಕರು. "ಅವ್ವ ಇವತ್ತಿದ್ದಿದ್ರೆ ನಿಮ್ಮನ್ನೂ ಅಟ್ಟಾಡಿಸೋಳು ಕಣ್ರೀ! ಕೂತ್ಕೊಳ್ಳಿ, ಕಾಫಿ ಕುಡೀರಿ."

ಮಾರನೇ ದಿನ ಲಲಿತಾ ಮೇಡಂ ಫೋನು. "ಆ ನಾಣ್ಯ ಪ್ರದರ್ಶನಕ್ಕೆ ಕೊಡ್ತೀರಾ? ಏನು ಮಾಡಬಾರದು ಅಂತ ಜನಕ್ಕೆ ತೋರಿಸೋಕೆ ಇಷ್ಟು ಚೆನ್ನಾಗಿ ಕೆಟ್ಟಿರೋದು ನಮಗೆ ಸಿಕ್ಕೇ ಇರಲಿಲ್ಲ!"

ಭಾವ ಒಂದೇ ಉಸಿರಿಗೆ ಒಪ್ಪಿದರು. ಬೇರೆ ನಾಣ್ಯಗಳೆಲ್ಲ ಒಂದೊಂದು ಪೆಟ್ಟಿಗೆಯಲ್ಲಿ ಹತ್ತಾರು ಕೂತಿದ್ದರೆ, ಅವ್ವನ ರೂಪಾಯಿಗೆ ಬಾಗಿಲ ಎದುರಿಗೇ ಒಂಟಿ ಗಾಜಿನ ಪೆಟ್ಟಿಗೆ! ಪಕ್ಕದಲ್ಲಿ "ದಯವಿಟ್ಟು ಹೀಗೆ ಮಾಡಬೇಡಿ" ಎಂಬ ದೊಡ್ಡ ಬೋರ್ಡು, ನಾಣ್ಯದ ಕಡೆಗೆ ಕೆಂಪು ಬಾಣದ ಗುರುತು. ಜನವೋ ಜನ. ಇಸ್ತ್ರಿ ಷರಟು ಹಾಕಿದ ಭಾವ ಮಂಡಿನೋವು ಮರೆತು, "ನೋಡಿದೋರು ಮುಂದೆ ನಡೀರಿ, ಹಿಂದಿನೋರಿಗೆ ಜಾಗ ಬಿಡಿ! ನಮ್ಮವ್ವನ ರೂಪಾಯಿ ಇದು!" ಎಂದು ಕೂಗುತ್ತಿದ್ದರು. ಆ ಮುಖದ ಸಂತೋಷ ನೋಡಿ ನನ್ನ ಕಣ್ಣು ತುಂಬಿತು. ಯಾವ ದೇವರಿಗೆ ಕೈಮುಗಿಯಬೇಕೋ ತಿಳಿಯದೆ ಬೋರ್ಡಿನ ಪಕ್ಕದಲ್ಲೇ ನಿಂತಿದ್ದೆ.

ಫೋಟೋ ತೆಗೆಯುವವನು ಹೇಳಿದ, "ಸಾರ್, ಸ್ವಲ್ಪ ಆಚೆ ಸರೀರಿ. ಬೋರ್ಡಿನ ಜೊತೆ ನೀವೂ ಬರ್ತಿದೀರ."

ಭಾವ ನನ್ನ ಹೆಗಲ ಮೇಲೆ ಕೈ ಹಾಕಿದರು. "ಬಿಡಪ್ಪ, ನಮ್ಮವರು. ಅವರನ್ನೂ ಸೇರ್ಸೇ ತೆಗಿ."

ಆ ಫೋಟೋ ಈಗ ಬೋಗಾದಿ ಮನೆಯ ಹಾಲಿನಲ್ಲಿದೆ. ಭಾವ ಚೆನ್ನಾಗಿ ಬಂದಿದ್ದಾರೆ, ಬೋರ್ಡಿನ ಅಕ್ಷರವೂ ಸ್ಪಷ್ಟವಾಗಿದೆ. ನಾಣ್ಯ ಮಾತ್ರ ನನ್ನ ಹೊಟ್ಟೆಯ ಹಿಂದೆ ಮರೆಯಾಗಿದೆ. ಕೆಂಪು ಬಾಣ ನನ್ನನ್ನೇ ತೋರಿಸುತ್ತಿದೆ!