ಬೇರು ಕಳ್ಳರು

ಕಣ್ಣಿಗೆ ಕಾಣದ ಜೀವಿಗಳನ್ನು ಹುಡುಕುವವನ ಫಜೀತಿ ಮಾತ್ರ ಊರಿಗೆಲ್ಲ ಕಾಣುತ್ತದೆ. ಎಂಬತ್ತರ ದಶಕದಲ್ಲಿ ನಾನು ಕೃಷಿ ಪ್ರಯೋಗಾಲಯವೊಂದರಲ್ಲಿ ಸಹಾಯಕನಾಗಿದ್ದೆ. ಜೋಳ, ಭತ್ತದ ಬೇರಿಗಂಟಿದ ಮಣ್ಣು ತಂದು, ಅದರೊಳಗೆ ಬೆಳೆಗೆ ಉಪಕಾರ ಮಾಡುವ ಬ್ಯಾಕ್ಟೀರಿಯಾ ಯಾವುದೆಂದು ಗುರುತಿಸುವುದು ನಮ್ಮ ಕೆಲಸ.

೧. ಸಂಶಿಯ ಅಜ್ಜಿ

ಸಂಶಿಯಲ್ಲಿ ಹೊಲದ ಯಜಮಾನನನ್ನು ಕೇಳಿಯೇ ನಾಲ್ಕು ಜೋಳದ ಗಿಡ ಅಗೆದೆವು. ತೆನೆ, ದಂಟು ಬದುವಿಗೆ ಎಸೆದು ಬೇರನ್ನಷ್ಟೇ ಚೀಲಕ್ಕೆ ಹಾಕುತ್ತಿದ್ದಾಗ ಅವನ ತಾಯಿ ಕುಡಗೋಲು ಹಿಡಿದು ಬಂದಳು. ಮಗ ಆಕೆಗೆ ಹೇಳಿರಲಿಲ್ಲ.

“ಯಾರಲೇ ನೀವು? ತೆನಿ ಕದಿಯೂ ಕಳ್ರನ್ನ ಕಂಡೀನಿ. ತೆನಿ ಒಗದು ಬೇರು ಕದಿಯೂ ಹುಚ್ಚರನ್ನ ಇವತ್ತ ನೋಡಿದೆ!”

ನಾನು ಕೈಮುಗಿದೆ. “ಯವ್ವಾ, ಬೇರಿನಾಗ ಹುಳ ಅದಾವ್ ಬೇ. ಅವನ್ನ ಹಿಡ್ಯಾಕ ಬಂದೀವಿ.”

ಅಜ್ಜಿಯ ಕುಡಗೋಲು ಕೆಳಗಿಳಿಯಿತು. “ಹಂಗಾರ ಇಡೀ ಹೊಲದ್ದು ಹಿಡೀರಿ. ಒಂದೂ ಬಿಡಬ್ಯಾಡ್ರಿ!”

೨. ಫಳಫಳ ಕೊಳವೆ

ಆ ಬೇರಿನ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾಗಳನ್ನು ಗಾಜಿನ ಕೊಳವೆಗಳಲ್ಲಿ ಬೆಳೆಯಲು ಇಟ್ಟೆವು. ಹಾಲಿನ ಕೆನೆಯಂಥ ಪದರು ಕಟ್ಟಿದರೆ ನಮಗೆ ಬೇಕಾದದ್ದು ಸಿಕ್ಕಿರಬಹುದು ಎಂದರ್ಥ. ಐದನೆಯ ದಿನ ಕಟ್ಟಿತು! ಓಡಿಹೋಗಿ ನಮ್ಮ ಮೇಲಧಿಕಾರಿ ಸಾಹೇಬರನ್ನು ಕರೆತಂದೆ. ಅಷ್ಟರಲ್ಲಿ ಕೊಳವೆಗಳೆಲ್ಲ ಫಳಫಳ ಹೊಳೆಯುತ್ತ ಬೋರಲು ನಿಂತಿದ್ದವು.

ಜವಾನ ಹೆಮ್ಮೆಯಿಂದ, “ಹಳಸಿ ಕೆನಿ ಕಟ್ಟಿತ್ರಿ. ಬೂದಿ ಹಚ್ಚಿ ತಿಕ್ಕೀನಿ” ಎಂದ.

ಸಾಹೇಬರು ಅವನನ್ನು ಬಿಟ್ಟು ನನ್ನನ್ನು ನೋಡಿದರು. ಮತ್ತೆ ಬೇರು ತರಲು ಸಂಶಿಯ ಬಸ್ಸು ಹತ್ತಿದೆ. ಅಜ್ಜಿ ದೂರದಿಂದಲೇ ಕೂಗಿದಳು: “ಮತ್ತ ಬಂದ್ರೇನು? ಒಯ್ದದ್ದೆಲ್ಲಾ ತಿಂದು ಮುಗಿಸಿದ್ರಾ?”

೩. ದೇವಿಕೊಪ್ಪದ ದುರ್ಬೀನು

ಕಡೆಗೂ ಆ ಬ್ಯಾಕ್ಟೀರಿಯಾದ ಗುರುತು ಹತ್ತಿತು. ಭತ್ತದ ರೈತರಿಗೂ ತೋರಿಸೋಣವೆಂದು ಸೂಕ್ಷ್ಮದರ್ಶಕ ಹೊತ್ತು ದೇವಿಕೊಪ್ಪಕ್ಕೆ ಹೋದೆವು. ಊರ ಕಟ್ಟೆಯ ಮೇಲೆ ನೆರೆದವರಲ್ಲಿ ಹಿರಿಯ ರೈತರೊಬ್ಬರು ಮೊದಲು ಕಣ್ಣಿಟ್ಟರು.

“ಅಬಬಬ! ಏನ್ ಓಡಾಡ್ತಾವ್ರೀ! ಇವು ಮಾಡೂದೇನು?”

“ಗಾಳಿಯಾಗಿನ ಸತ್ವ ಹಿಡದು ಬೆಳಿಗೆ ಉಣಸ್ತಾವ್ರಿ. ಹಗಲೂ ರಾತ್ರಿ ದುಡೀತಾವು. ಯಾರ ಕಣ್ಣಿಗೂ ಬೀಳೂದಿಲ್ಲ” ಎಂದೆ.

ಹಿರಿಯರು ಮಂದಿಯ ಕಡೆ ತಿರುಗಿ, “ನೋಡ್ರಪಾ, ಒಂದು ಮಾತಿಲ್ಲ, ಹೆಸರಿನ ಆಸೆ ಇಲ್ಲ, ಬರೇ ದುಡಿಮಿ! ಇಂಥಾದಕ್ಕ ಕೈ ಮುಗೀಬೇಕು” ಎಂದು ಸೂಕ್ಷ್ಮದರ್ಶಕಕ್ಕೆ ನಿಜವಾಗಿ ಕೈಮುಗಿದರು.

ಹಿಂದೆ ಸಗಣಿ ಬುಟ್ಟಿ ಹೊತ್ತು ನಿಂತಿದ್ದ ಅವರ ಹೆಂಡತಿ ಬುಟ್ಟಿ ಇಳಿಸಿ ಮುಂದೆ ಬಂದರು.

“ಸಾಹೇಬ್ರ, ಈ ದುರ್ಬೀನ ಎರಡ ದಿನ ನಮ್ಮನ್ಯಾಗ ಇಟ್ಟ ಹೋಗ್ರಿ. ಮೂವತ್ತ ವರ್ಷ ಆತು, ನಾನೂ ಇವ್ರ ಕಣ್ಣಿಗೆ ಬಿದ್ದಿಲ್ಲ.”