ಕೆಂಪು ಚೀಟಿಯ ಭಾವ

...ಅಥವಾ ಅದು ದೋಸೆಯಲ್ಲ, ಚಪಾತಿಯೇ ಆಗಿತ್ತೋ ಏನೋ. ಅಕ್ಕನನ್ನು ಕೇಳಿದರೆ ಇಡ್ಲಿ ಎನ್ನುತ್ತಾಳೆ. ನನ್ನ ನೆನಪಿನ ಮೇಲೆ ನನಗೇ ಅಷ್ಟೊಂದು ನಂಬಿಕೆಯಿಲ್ಲ; ಒಂದೇ ಘಟನೆಯನ್ನು ನಾಲ್ಕು ಮನೆಗಳಲ್ಲಿ ಹೇಳಿದ ಮೇಲೆ ಐದನೆಯ ಮನೆಗೆ ಅದು ತಾನಾಗಿಯೇ ಉಪ್ಪು ಖಾರ ಹಾಕಿಕೊಂಡು ಬರುತ್ತದೆ. ಆದರೆ ಮದುವೆಯಾದ ಹೊಸದರಲ್ಲಿ ನನ್ನ ಭಾವ ಅಕ್ಕ ಬಡಿಸಿದ ಯಾವುದೋ ಒಂದು ತಿಂಡಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಒಂದು ಬದಿ ದಪ್ಪ ಉಂಟು" ಎಂದು ತಟ್ಟೆಯ ಅಂಚಿಗೆ ಸರಿಸಿದ್ದು ಮಾತ್ರ ಖಂಡಿತ. ಚಂದ್ರನನ್ನು ತಂದು ಇವರ ಮೇಜಿನ ಮೇಲಿಟ್ಟಿದ್ದರೆ, ಮೈಮೇಲೆ ಗುಂಡಿಗಳಿವೆ ಎಂದು ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುತ್ತಿದ್ದರು!

ಅವರ ಕೆಲಸವೇ ಅದು. ಅಬುಧಾಬಿಯ ಒಂದು ಕಾರ್ಖಾನೆಯಲ್ಲಿ ಯುದ್ಧವಿಮಾನಗಳ ಬಿಡಿಭಾಗಗಳು ತಯಾರಾಗುತ್ತವೆ. ತಯಾರಾದದ್ದನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರ್ ಇವರು. ಸರಿಯಿದ್ದರೆ ತಮ್ಮ ನಂಬರಿನ ಸೀಲು, ಸರಿಯಿಲ್ಲದಿದ್ದರೆ ಕೆಂಪು ಚೀಟಿ. ಒಬ್ಬೊಬ್ಬ ಇನ್‌ಸ್ಪೆಕ್ಟರಿಗೂ ಒಂದೊಂದು ಸೀಲು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಭಾವ ತಮ್ಮದನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ. "ನನ್ನ ತಾಳಿಗಿಂತ ಅದಕ್ಕೇ ಮರ್ಯಾದೆ ಜಾಸ್ತಿ" ಎನ್ನುವುದು ಅಕ್ಕನ ಅಳಲು. ಕಳೆದ ವರ್ಷ ಈ ಸೀಲೇ ಅವರ ಕೆಲಸವನ್ನೂ ವೀಸಾವನ್ನೂ ಮಗಳ ಹತ್ತನೆಯ ತರಗತಿಯನ್ನೂ ಒಂದೇ ತುತ್ತಿಗೆ ನುಂಗುವುದರಲ್ಲಿತ್ತು. ಅದನ್ನು ಹೇಳುವ ಮೊದಲು ಚಮಚದ ವಿಷಯ ಹೇಳಿಬಿಡುತ್ತೇನೆ.

ಅವರ ಕಾರ್ಖಾನೆಯಲ್ಲಿ ಒಂದು ಪದ್ಧತಿ. ಪ್ರತಿ ಸ್ಪ್ಯಾನರಿಗೂ ಹಲಗೆಯ ಮೇಲೆ ಅದರದೇ ಆಕಾರದ ಜಾಗ. ಸಂಜೆ ಒಂದು ಜಾಗ ಖಾಲಿ ಕಂಡರೆ, ಅದು ಯಾವ ಭಾಗದ ಹೊಟ್ಟೆಯೊಳಗೆ ಉಳಿಯಿತೋ ಎಂದು ಹುಡುಕಿ ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಭಾವ ಇದನ್ನು ಖಾಲಿದಿಯಾ ಬಡಾವಣೆಯ ತಮ್ಮ ಫ್ಲ್ಯಾಟಿನ ಅಡುಗೆಮನೆಗೂ ತಂದರು. ಗೋಡೆಯ ತುಂಬ ಸೌಟು, ಸಟ್ಟುಗ, ಚಮಚಗಳ ಕಪ್ಪು ನೆರಳು! ಮಗಳ ಹುಟ್ಟುಹಬ್ಬ ಮುಗಿಸಿ ನಾವು ಚಪ್ಪಲಿ ಹಾಕಿಕೊಳ್ಳುತ್ತಿದ್ದೇವೆ, ಭಾವ ಬಾಗಿಲಿಗೆ ಅಡ್ಡ ನಿಂತರು.

"ಒಂದು ಚಮಚ ಕಡಿಮೆ ಉಂಟು. ಯಾರೂ ಹೋಗ್ಬೇಡಿ."

"ಭಾವ, ನಮಗೆ ದುಬೈಯ ಅಲ್ ಕುಸೈಸ್ ಮುಟ್ಲಿಕ್ಕೆ ಒಂದೂವರೆ ಗಂಟೆ ಬೇಕು!"

"ಚಮಚ ಸಿಕ್ಕಿದ್ರೆ ಒಂದೂವರೆ ಗಂಟೆ. ಸಿಗದಿದ್ರೆ ಎಷ್ಟೂಂತ ಹೇಳ್ಲಿಕ್ಕಾಗುದಿಲ್ಲ."

"ಪಪ್ಪಾ, ಇಟ್ಸ್ ಜಸ್ಟ್ ಎ ಸ್ಪೂನ್!" ಎಂದು ಮಗಳು ಹಣೆ ಚಚ್ಚಿಕೊಂಡಳು.

"ಜಸ್ಟ್ ಅಂತ ಹೇಳಿದವರು ಸೋಫಾ ಎತ್ತಿ."

ಹನ್ನೊಂದು ಜನ ಮಂಡಿಯೂರಿ ಹುಡುಕಿದೆವು. ಕೊನೆಗೆ ಸಿಕ್ಕಿದ್ದೆಲ್ಲಿ? ಮೇಲಿನ ಮಹಡಿಯ ಆಂಟಿ ಕಟ್ಟಿಸಿಕೊಂಡಿದ್ದ ಬಿರಿಯಾನಿ ಡಬ್ಬಿಯಲ್ಲಿ! ಆಂಟಿ ಈಗಲೂ ಲಿಫ್ಟಿನಲ್ಲಿ ಅಕ್ಕನ ಮುಖ ನೋಡುವುದಿಲ್ಲ. (ಡಬ್ಬಿ ಆಂಟಿಯದಲ್ಲ, ನನ್ನ ಹೆಂಡತಿಯದು ಎಂಬ ಪಾಠಾಂತರವೂ ಚಾಲ್ತಿಯಲ್ಲಿದೆ. ಅದನ್ನು ನಾನು ಬೆಂಬಲಿಸಲಾರೆ. ನಾನೂ ಮನೆಗೆ ಹೋಗಬೇಕಲ್ಲ!)

ಹೀಗೆ ನಗುತ್ತಿರುವಾಗಲೇ ಎಲ್ಲೋ ಯುದ್ಧ ಶುರುವಾಯಿತು. ಯುದ್ಧ ಶುರುವಾದರೆ ಟಿವಿಗೆ ನಕ್ಷೆ ಬರುತ್ತದೆ, ಕಾರ್ಖಾನೆಗೆ ಆರ್ಡರು ಬರುತ್ತದೆ. ಎರಡು ಪಾಳಿ ಮೂರಾಯಿತು. ಮೊಂಡಾದರೂ ಡ್ರಿಲ್ಲಿನ ಬಿಟ್ ಬದಲಿಸಲು ಯಾರಿಗೂ ಪುರಸೊತ್ತಿಲ್ಲ. ಮೊಂಡು ಬಿಟ್ ಕೊರೆದ ತೂತಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಮುಳ್ಳು ಉಳಿಯುತ್ತದೆ; ಆ ಮುಳ್ಳಿನ ಬುಡದಿಂದ ಒಂದು ದಿನ ಬಿರುಕು ಹೊರಡುತ್ತದೆ. ಭಾವ ತೂತಿನೊಳಗೆ ಹತ್ತಿ ಆಡಿಸಿ ನೋಡುತ್ತಾರೆ. ಎಳೆ ಸಿಕ್ಕಿಕೊಂಡರೆ ಮುಳ್ಳಿದೆ ಎಂದರ್ಥ. ವಿಮಾನದ ಬಾಲಕ್ಕೆ ಹೋಗುವ ನಲವತ್ತು ಅಲ್ಯೂಮಿನಿಯಂ ಪಟ್ಟಿಗಳ ಒಂದು ಟ್ರೇಯಲ್ಲಿ ಎಳೆ ಸಿಕ್ಕಿಕೊಂಡಿತು. ಇಡೀ ಟ್ರೇಗೆ ಕೆಂಪು ಚೀಟಿ!

ಮ್ಯಾನೇಜರ್ ಓಡಿ ಬಂದರಂತೆ. "ಯಲ್ಲಾ ಭಾಯ್, ಸೀಲ್ ಮಾರೋ, ಖಲಾಸ್! ಬೇಗ ಹೊಡೆದು ಮುಗ್ಸಿ! ಅಲ್ಲಿ ಯುದ್ಧ ನಡೀತಾ ಉಂಟು!"

"ಅದಕ್ಕೇ ಹೊಡೆಯುದಿಲ್ಲ ಸರ್. ಯುದ್ಧ ಇಲ್ಲದಿದ್ರೆ ವಿಮಾನ ಶೆಡ್ಡಲ್ಲಿ ಇರ್ತಿತ್ತು. ಈಗ ಹಾರ್ತದೆ."

ಗುರುವಾರದೊಳಗೆ ಸೀಲು ಬೀಳಬೇಕು, ಇಲ್ಲವೇ ವೀಸಾ ಕ್ಯಾನ್ಸಲ್ ಎಂದರು ಮ್ಯಾನೇಜರ್. ಅಕ್ಕ ನನಗೆ ಫೋನು ಮಾಡಿದಳು.

"ನೀನೇ ಬಂದು ಬುದ್ಧಿ ಹೇಳು ಮಾರಾಯ. ಬರುವ ತಿಂಗಳು ಇವಳಿಗೆ ಬೋರ್ಡ್ ಎಕ್ಸಾಮ್. ಇವರು ಹತ್ತಿ ಹಿಡ್ಕೊಂಡು ಕೂತಿದ್ದಾರೆ!"

ಹೋದೆ. ಭಾವನನ್ನು ಕಟ್ಟಡದ ಕೆಳಗಿನ ಕೆಫೆಟೇರಿಯಾಕ್ಕೆ ಇಳಿಸಿ ಎರಡು ಕರಕ್ ಚಹಾ ಹೇಳಿದೆ. ಚಹಾ ಬರುವವರೆಗೂ ಅವರು ಮೇಜು ಅಲ್ಲಾಡುತ್ತದೆಂದು ಟಿಶ್ಯೂ ಮಡಚಿ ಅದರ ಕಾಲಿಗೆ ಕೊಡುತ್ತಿದ್ದರು.

"ಒಂದು ಸೀಲು ತಾನೇ ಭಾವ?"

"ಒಂದಲ್ಲ. ನಲವತ್ತು."

ದಾರಿಯುದ್ದಕ್ಕೂ ಮಸೆದು ತಂದಿದ್ದ ಬ್ರಹ್ಮಾಸ್ತ್ರವನ್ನು ಆಗ ತೆಗೆದೆ. "ಅಲ್ಲ, ಆ ವಿಮಾನ ಹೋಗುವುದು ಬಾಂಬು ಹಾಕ್ಲಿಕ್ಕಲ್ವಾ? ಅದು ಕೆಟ್ಟರೆ ಕೆಳಗಿದ್ದವರಿಗೆ ಒಳ್ಳೇದೇ ಅಲ್ವಾ?"

ಗೆದ್ದೆ ಎಂದುಕೊಂಡೆ. ಭಾವ ಮೇಜಿನ ಅಂಚನ್ನು ಒಮ್ಮೆ ಒತ್ತಿ ನೋಡಿದರು.

"ಅದು ನಂಗೂ ತಲೆಗೆ ಬರ್ತದೆ ಮಾರಾಯ. ಒಂದು ಹೇಳ್ತೇನೆ, ನಗಾಡ್ಬಾರ್ದು. ಸೀಲು ಹೊಡೆದ ಪ್ರತಿ ಪೀಸಿಗೂ ನಾನು ಮೆಲ್ಲ 'ಹೋಗಿ ಬಾ' ಅಂತ ಹೇಳ್ತೇನೆ. ನಮ್ಮಲ್ಲಿ ಯಾರಿಗೂ ಬರೀ 'ಹೋಗು' ಅಂತ ಹೇಳ್ಲಿಕ್ಕಿಲ್ಲ ಅಲ್ವಾ? ಕೆಳಗೆ ಇರುವವನಿಗೂ ಅಮ್ಮ ಇರ್ತಾಳೆ, ಮೇಲೆ ಕೂತವನಿಗೂ ಇರ್ತಾಳೆ. ಕೆಳಗಿನವನಿಗೆ ನನ್ನಿಂದ ಎಂತ ಮಾಡ್ಲಿಕ್ಕೂ ಆಗುದಿಲ್ಲ. ಮೇಲಿನವನಿಗೆ ಇಷ್ಟಾದ್ರೂ ಆಗ್ತದೆ. ಈ ಟ್ರೇಗೆ 'ಹೋಗಿ ಬಾ' ಹೇಗೆ ಹೇಳುದು? ಬರುದಿಲ್ಲ ಅಂತ ಗೊತ್ತಿದ್ದೂ?"

ಹದಿನೇಳು ವರ್ಷ ಈ ಮನುಷ್ಯನನ್ನು ನೋಡಿ ನಕ್ಕಿದ್ದೇನೆ. ಅಲ್ಯೂಮಿನಿಯಂ ತುಂಡುಗಳನ್ನು ಶಾಲೆಗೆ ಹೊರಟ ಮಕ್ಕಳಂತೆ ಬೀಳ್ಕೊಡುತ್ತಾರೆಂದು ಗೊತ್ತಿರಲಿಲ್ಲ. ಬುದ್ಧಿ ಹೇಳಲು ಬಂದವನು ಎರಡು ಚಹಾ ಕುಡಿದೆ, ನನ್ನದೂ ಅವರದೂ. ಮೇಲೆ ಹೋಗಿ ಅಕ್ಕನ ಹತ್ತಿರ ಬೈಸಿಕೊಂಡೆ.

ಗುರುವಾರ ಭಾವ ಸೀಲು ಹೊಡೆಯಲಿಲ್ಲ. ವೀಸಾವೂ ರದ್ದಾಗಲಿಲ್ಲ; ಕೆಂಪು ಚೀಟಿ ದಾಖಲೆಗೆ ಸೇರಿದ್ದಕ್ಕೆ ಮ್ಯಾನೇಜರ್ ಹೆದರಿದರೋ ಏನೋ, ಪ್ರಯಾಣಿಕರ ವಿಮಾನದಲ್ಲಿ ಊಟಕ್ಕೆ ಬಿಚ್ಚುವ ಪುಟ್ಟ ಮೇಜಿನ ಚಿಲಕ ಪರೀಕ್ಷಿಸುವ ವಿಭಾಗಕ್ಕೆ ಎತ್ತಂಗಡಿಯಾಯಿತು. ಯಾರ ಮಡಿಲಿಗೂ ಬಿಸಿ ಕಾಫಿ ಬೀಳದಂತೆ ಈಗ ಆಕಾಶ ಕಾಯುತ್ತಾರೆ. ಮೊದಲ ವಾರವೇ ಮೂರು ಪೆಟ್ಟಿಗೆ ಚಿಲಕ ವಾಪಸು! ಮಗಳು ಪರೀಕ್ಷೆ ಬರೆದಳು.

ಆ ನಲವತ್ತು ಪಟ್ಟಿಗಳು? ಸೋಮವಾರ ಬೆಳಿಗ್ಗೆ, ಕೆಂಪು ಚೀಟಿಯ ಮಾಲು ಇಡುವ ಕಪಾಟು ಖಾಲಿಯಿತ್ತಂತೆ. ಗುಜರಿಗೆ ಹೋದವೋ, ಬೇರೆಯವರ ಸೀಲು ಹೊಡೆಸಿಕೊಂಡು ಹೊರಟವೋ, ಭಾವನಿಗೆ ಯಾರೂ ಹೇಳಲಿಲ್ಲ. ಜೊತೆಗಿದ್ದ ಇನ್ನೊಬ್ಬ ಇನ್‌ಸ್ಪೆಕ್ಟರ್ ಈಗ ಕಣ್ಣು ತಪ್ಪಿಸುತ್ತಾನೆ ಎಂದರು ಭಾವ. ಅವನು ಮೊದಲಿನಿಂದಲೂ ಹಾಗೆಯೇ ಇದ್ದನೇನೋ. ಟಿವಿಯಲ್ಲಿ ವಿಮಾನ ಬಿದ್ದ ಸುದ್ದಿ ಬಂದರೆ ಭಾವ ಎದ್ದು ಹೋಗಿ ಪರದೆಯ ಹತ್ತಿರ ನಿಲ್ಲುತ್ತಾರೆ. ಬಾಲದ ಕಡೆ ನೋಡುತ್ತಾರೆ. ಅಲ್ಲಿ ಹೊಗೆ ಬಿಟ್ಟರೆ ಏನೂ ಕಾಣುವುದಿಲ್ಲ.

ಆ ಪಟ್ಟಿಗಳು ನೆಲದಲ್ಲಿವೆಯೋ ಆಕಾಶದಲ್ಲಿವೆಯೋ, ನನಗೆ ಗೊತ್ತಿಲ್ಲ.