ಮಾವ ಮುಕ್ಕಳಿಸಿದ ಬಾವಿಗಳು

ನಮ್ಮ ಸೋದರಮಾವನಷ್ಟು ಕುಡಿಯುವ ಗಂಡಸು ಇಡೀ ಮದ್ದೂರಿನಲ್ಲಿ ಇನ್ನೊಬ್ಬನಿರಲಿಲ್ಲ. ಬೆಳಿಗ್ಗೆ ಮುಖ ತೊಳೆದವರೇ ಹೊರಟರೆ, ಬೀದಿಬೀದಿಯಲ್ಲೂ ನಿಂತು ಕುಡಿದು, ಕುಡಿದದ್ದರ ಗುಣದೋಷಗಳನ್ನು ಸಿಕ್ಕವರಿಗೆಲ್ಲ ವಿವರಿಸಿಯೇ ಮನೆಗೆ ಬರುತ್ತಿದ್ದರು. ಅಯ್ಯೋ, ಅವಸರಪಡಬೇಡಿ! ನಾನು ಹೇಳುತ್ತಿರುವುದು ನೀರಿನ ವಿಷಯ. ಹೆಂಡದಂಗಡಿ ಇದ್ದ ದಿಕ್ಕಿಗೆ ಅವರು ತಿರುಗಿಯೂ ನೋಡಿದವರಲ್ಲ. ಅದು ಯುದ್ಧದ ಕಾಲ. ಅಕ್ಕಿಗೆ, ಸೀಮೆಎಣ್ಣೆಗೆ, ಎಲ್ಲಕ್ಕೂ ರೇಷನ್ನು. ನೀರನ್ನು ಮಾತ್ರ ಸರ್ಕಾರದವರು ಮರೆತುಬಿಟ್ಟಿದ್ದರು, ಆ ಕೊರತೆ ತುಂಬುವುದಕ್ಕೇ ದೇವರು ತನ್ನ ಗಂಡನನ್ನು ಕಳಿಸಿದ್ದಾನೆ ಎಂದು ನಮ್ಮತ್ತೆ ಹೇಳುತ್ತಿದ್ದರು. ನಾನು ಆಗ ಅವರ ಮನೆಯಲ್ಲಿ ಇದ್ದುಕೊಂಡು ಶಾಲೆಗೆ ಹೋಗುತ್ತಿದ್ದವಳು. ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ.

ಮಾವನ ಪರೀಕ್ಷೆಗೆ ಒಂದು ಕ್ರಮವಿತ್ತು. ನೀರು ಆಗಷ್ಟೇ ಸೇದಿದ್ದಾಗಬೇಕು. ಚೊಂಬಿಗೆ ಹೊಸದಾಗಿ ಕಲಾಯಿ ಹಾಕಿಸಿರಬೇಕು. ಒಂದು ಗುಟುಕನ್ನು ಬಾಯಿಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ, ಈ ಕೆನ್ನೆಯಿಂದ ಆ ಕೆನ್ನೆಗೆ ಓಡಾಡಿಸುತ್ತಿದ್ದರು. ಸುತ್ತ ನಿಂತ ಹೆಂಗಸರು ಉಸಿರು ಬಿಗಿಹಿಡಿದು ಅವರ ಮುಖವನ್ನೇ ನೋಡುತ್ತಿದ್ದರು. ಉಗುಳಿದರೋ, ಆ ಬಾವಿಯ ಮಾನ ಹೋಯಿತು! ನುಂಗಿದರೋ, ಮಾರನೆಯ ದಿನದಿಂದ ಅಲ್ಲಿ ಕೊಡ ಇಡುವುದಕ್ಕೂ ಜಾಗವಿಲ್ಲ.

ಇಷ್ಟಕ್ಕೇ ಮುಗಿಯುತ್ತಿತ್ತೇ? ಗೆದ್ದ ಬಾವಿಯ ನೀರನ್ನು ಮನೆಗೆ ತಂದು ಅದರಲ್ಲಿ ತೊಗರಿಬೇಳೆ ಬೇಯಿಸಿಯೂ ನೋಡಬೇಕು. ಬೇಳೆ ಬೆಣ್ಣೆಯ ಹಾಗೆ ಕರಗಿದರೆ ಮಾತ್ರ ಪಾಸು.

"ನೆನ್ನೆ ಪೇಟೆ ಬಾವಿ ಸಾರು, ಇವತ್ತು ಗುಡಿ ಬಾವಿ ಸಾರು. ಒಂದಿನಾನಾರ ಸೊಪ್ಪಿನ್ ಸಾರು ಮಾಡಕ್ ಬುಡ್ತೀರಾ?" ಎಂದು ಅತ್ತೆ ರೇಗುತ್ತಿದ್ದರು.

"ಸೊಪ್ಪು ಯಾವ್ ನೀರಾಕುದ್ರೂ ಬೇಯ್ತದೆ ಕಣೇ. ಬೇಳೆ ಅಂಗಲ್ಲ, ಸುಳ್ಳೇಳಕಿಲ್ಲ!"

ಒಮ್ಮೆ ಮಾವನ ಮಗನಿಗೆ ಹೆಣ್ಣು ನೋಡಲು ಮಳವಳ್ಳಿಯ ಆಚೆ ಪೂರಿಗಾಲಿಗೆ ಹೋದೆವು. ಗಾಡಿ ಇಳಿದು ಕೂತ ಕೂಡಲೇ ಬೆಲ್ಲ, ನೀರು ತಂದಿಟ್ಟರು. ಮಾವ ಬೆಲ್ಲದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಬೆಲ್ಲ ತಿಂದರೆ ನೀರಿನ ಬಂಡವಾಳ ತಿಳಿಯುವುದು ಹೇಗೆ? ಚೊಂಬೆತ್ತಿದರು, ಮುಕ್ಕಳಿಸಿದರು, ಎದ್ದು ಹೋಗಿ ಅಂಗಳದಲ್ಲಿ ಉಗುಳಿ ಬಂದರು.

"ನಿಮ್ ಬಾವಿ ಸವಳು. ಬೇಳೆ ಬೇಯಕಿಲ್ಲ."

ಹೆಣ್ಣು ಇನ್ನೂ ಹೊರಗೆ ಬಂದಿರಲಿಲ್ಲ! ಒಳಗಿನಿಂದ ಅವಳ ಅಜ್ಜಿಯ ಧ್ವನಿ ಕೇಳಿಸಿತು. "ನಮ್ಮನೆ ಬೇಳೆ ನಾವ್ ಬೇಯಿಸ್ಕತೀವಿ. ನೀವು ಎಣ್ ನೋಡಕ್ ಬಂದಿದ್ದೀರೋ, ಬಾವಿ ನೋಡಕ್ ಬಂದಿದ್ದೀರೋ?"

ಸಂಬಂಧ ಅಲ್ಲಿಗೇ ಮುರಿದು ಬೀಳಬೇಕಿತ್ತು. ಉಳಿಸಿದವರು ಅತ್ತೆ. "ಅದ್ಕ್ಯಾಕಿಂಗಾಡೀರಿ? ಬಾವಿ ಅವರ್ ಮನೇಲೇ ಉಳೀತದೆ. ಎಣ್ಣು ತಾನೆ ನಮ್ಮನೆಗ್ ಬರಾದು!" ಎಂದರು. ಮದುವೆ ನಡೆಯಿತು. ಆದರೂ ಮಾವ ಧಾರೆಯ ದಿನ ಗಾಡಿಯಲ್ಲಿ ಮದ್ದೂರಿನ ನೀರು ತುಂಬಿಸಿಕೊಂಡೇ ಹೋದರು.

ನೀರಿನ ವಿಷಯದಲ್ಲಿ ಅವರಿಗೆ ಜಾತಿಯ ನೆನಪೇ ಬರುತ್ತಿರಲಿಲ್ಲ. ಯಾವ ಕೇರಿಗಾದರೂ ಹೋಗಿ ಕೈಯೊಡ್ಡುತ್ತಿದ್ದರು. ಅವರ ತಾಯಿ, ಅಂದರೆ ನಮ್ಮಜ್ಜಿ, ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದು ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಮಾವ ತೊಪ್ಪೆಯಾಗಿ ನಿಂತಲ್ಲೇ ತುಟಿ ಸವರಿಕೊಂಡು, "ಅವ್ವಾ, ಇದು ನಮ್ ಇತ್ತಲ್ ಬಾವೀದಲ್ವಾ? ಇದ್ಕಿಂತ ಅವರ್ದೇ ವಾಸಿ!" ಎನ್ನುತ್ತಿದ್ದರು.

ಎಲ್ಲ ಬಾವಿಗಳನ್ನೂ ಅಳೆದು ಸುರಿದ ಮೇಲೆ ಅವರು ಪಟ್ಟ ಕಟ್ಟಿದ್ದು ಮುಸಲ್ಮಾನರ ಬೀದಿಯ ಬಾವಿಗೆ. ಅದರ ಎದುರಿಗೇ ಕಲಾಯಿ ಸಾಬರ ಮನೆ. ಮಾವನ ಚೊಂಬಿಗೆ ಕಲಾಯಿ ಹಾಕುತ್ತಿದ್ದವರು ಅವರೇ. ಮಾವ ಬಂದರೆಂದರೆ ಸಾಬರ ಹೆಂಡತಿ ನಗುತ್ತ ಬಂದು ನೀರು ಸೇದಿ ಕೊಡುತ್ತಿದ್ದರು. ಸಾಬರು ತಿದಿ ಒತ್ತುತ್ತಲೇ, "ಗೌಡ್ರೇ, ನಮ್ ಬಾವಿ ಬತ್ತೋದ್ರೆ ಅದು ಮಳೆ ಇಲ್ದೆ ಅಲ್ಲ, ನಿಮ್ಮಿಂದ!" ಎಂದು ಛೇಡಿಸುತ್ತಿದ್ದರು.

ಹೀಗಿರುವಾಗ ಊರಿಗೊಬ್ಬ ಹೊಸ ಹೆಲ್ತ್ ಇನ್‌ಸ್ಪೆಕ್ಟರು ಬಂದರು. ಸಣಕಲು ಮನುಷ್ಯ, ತಲೆಗಿಂತ ದೊಡ್ಡದೊಂದು ಟೋಪಿ. ಬಾವಿಬಾವಿಯ ನೀರನ್ನು ಸೀಸೆಗೆ ತುಂಬಿ, ಅರಗಿನ ಮುದ್ರೆ ಒತ್ತಿ ಪರೀಕ್ಷೆಗೆಂದು ಮೈಸೂರಿಗೆ ಕಳಿಸುತ್ತಿದ್ದರು. ಮಾವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

"ಅಲ್ಲಾ ಸ್ವಾಮಿ, ನೀರೂ ಇಲ್ಲೇ ಅದೆ, ನಾಲ್ಗೇನೂ ಇಲ್ಲೇ ಅದೆ. ಮೈಸೂರ್‌ಗ್ಯಾಕ್ ಕಳಿಸ್ಬೇಕು?"

ಮೈಸೂರಿನಿಂದ ಉತ್ತರ ಬಂತು. ಮಾವ ಪಟ್ಟ ಕಟ್ಟಿದ ಬಾವಿಯ ನೀರೇ ಕುಡಿಯಲು ಯೋಗ್ಯವಲ್ಲವಂತೆ! ಪಕ್ಕದ ಚರಂಡಿಯ ಕೊಳೆ ಒಳಗೆ ಇಳಿಯುತ್ತಿದೆಯಂತೆ. "ರುಚಿ ಬೇರೆ, ಶುದ್ಧಿ ಬೇರೆ ಗೌಡರೇ," ಎಂದು ಇನ್‌ಸ್ಪೆಕ್ಟರು ತಾಳ್ಮೆಯಿಂದ ಹೇಳಿದರು. ಆ ಮಾತನ್ನು ಅವರ ಧ್ವನಿಯಲ್ಲೇ ಅಣಕಿಸಿ ತೋರಿಸಿ ಮಾವ ಪೇಟೆಯನ್ನೆಲ್ಲ ನಗಿಸಿದರು. ಬಾವಿಕಟ್ಟೆಯ ಮೇಲೆ ನಿಂತು, "ನಾನೇಳ್ತೀನಿ, ಕುಡೀರಿ! ಏನಾದ್ರೂ ಆದ್ರೆ ನನ್ ಕೇಳಿ!" ಎಂದರು. ಜನ ನಂಬಿದ್ದು ಯಾರನ್ನು? ಸೀಸೆಯನ್ನಲ್ಲ.

ಆ ಬೇಸಗೆಯಲ್ಲಿ ಊರಿಗೆ ವಾಂತಿಭೇದಿ ಬಂತು. ಮೊದಲು ಹೊಕ್ಕಿದ್ದು ಆ ಬೀದಿಗೇ. ಬೆಳಿಗ್ಗೆ ಬಾವಿಯ ಹತ್ತಿರ ಓಡಾಡಿಕೊಂಡಿದ್ದ ಸಾಬರ ಹೆಂಡತಿ ಸಂಜೆಯ ಹೊತ್ತಿಗೆ ಇಲ್ಲವಾದರು.

ಸುದ್ದಿ ಬಂದಾಗ ಮಾವ ಜಗಲಿಯ ಮೇಲಿದ್ದರು. ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟರು. ಆಮೇಲೆ, "ಕುಡೀರಿ ಅಂತ ನಾನೇ ಏಳಿದ್ದೆ ಕಣೇ," ಎಂದರು. ಯಾವ ಮಾತಿಗೂ ಮರುಮಾತು ಸಿದ್ಧವಾಗಿಟ್ಟುಕೊಂಡಿರುತ್ತಿದ್ದ ಅತ್ತೆ ಅಂದು ಎದ್ದು ಹೋಗಿ ಒಲೆ ಆರಿಸಿದರು.

ಇನ್‌ಸ್ಪೆಕ್ಟರು ಚರಂಡಿಯನ್ನು ಬೇರೆ ಕಡೆಗೆ ತಿರುಗಿಸಿ, ಬಾವಿಗಳಿಗೆಲ್ಲ ಔಷಧಿ ಹಾಕಿಸಿದರು. ನೀರು ತಿಳಿಗೆಂಪಾಯಿತು. ಆ ಬಣ್ಣ ಕಂಡು ಒಬ್ಬರೂ ಬಿಂದಿಗೆ ಇಳಿಸಲಿಲ್ಲ. ವಿಷ ಹಾಕಿದ್ದಾರೆ ಎಂದರು ಕೆಲವರು, ಕೆಂಪು ನೀರು ಕುಡಿದರೆ ರಕ್ತ ಕೆಡುತ್ತದೆ ಎಂದರು ಇನ್ನು ಕೆಲವರು. ಹೆಂಗಸರು ಕೊಡ ಎತ್ತಿಕೊಂಡು ಹೊಳೆಗೆ ಹೊರಟರು. ರೋಗಿಗಳ ಬಟ್ಟೆಯನ್ನು ಒಗೆಯುತ್ತಿದ್ದುದೂ ಅದೇ ಹೊಳೆಯಲ್ಲಿ! ಇನ್‌ಸ್ಪೆಕ್ಟರು ಕೈಮುಗಿದು ಬೇಡಿಕೊಂಡರೂ ಯಾರೂ ಕೇಳಲಿಲ್ಲ. ಕೊನೆಗೆ ಅವರು ಬಂದು ನಿಂತದ್ದು ನಮ್ಮ ಜಗಲಿಯ ಮುಂದೆ.

"ನನ್ನ ಮಾತು ನಡೆಯುತ್ತಿಲ್ಲ. ನೀವು ಹೇಳಿದರೆ ಕುಡಿಯುತ್ತಾರೆ," ಎಂದರು.

ಮಾವ ಅವರ ಮುಖ ನೋಡಲಿಲ್ಲ. ಎದ್ದು ಸಾಬರ ಬೀದಿಯ ಕಡೆಗೆ ಹೊರಟರು. ಅತ್ತೆ, ನಾನು ಹಿಂದೆಯೇ ಹೋದೆವು. ಇವರು ಹೋಗುವುದನ್ನು ಕಂಡು ಹೊಳೆಯ ದಾರಿ ಹಿಡಿದಿದ್ದ ಹೆಂಗಸರೂ ತಿರುಗಿ ಬಂದು ಬಾವಿಯ ಸುತ್ತ ನಿಂತರು. ಈ ಸಲ ನೀರು ಸೇದಿ ಕೊಡುವವರು ಇರಲಿಲ್ಲ. ಮಾವ ತಾವೇ ಸೇದಿ, ಬೊಗಸೆಯಲ್ಲಿ ಹಿಡಿದು ಬಾಯಿಗೆ ಬಿಟ್ಟುಕೊಂಡರು. ಕಣ್ಣು ಮುಚ್ಚಿದರು. ಅವರ ಮುಖ ಕಹಿ ಕಷಾಯ ಕುಡಿದ ಮಗುವಿನದಂತಾಯಿತು. ಈಗ ಉಗುಳಿಯೇಬಿಡುತ್ತಾರೆ ಎಂದೇ ನನಗೆ ಅನಿಸಿತು. ಆದರೆ ಮಾವ ನುಂಗಿದರು. ಇನ್ನೊಂದು ಬೊಗಸೆ ಹಿಡಿದು ಅದನ್ನೂ ನುಂಗಿದರು.

"ಎಂಗದೆ ಗೌಡ್ರೇ?" ಎಂದಳು ಒಬ್ಬಾಕೆ.

"ಸೀಯಾಗದೆ ಕಣಮ್ಮ," ಎಂದರು ನಮ್ಮ ಮಾವ. ನೀರಿನ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಯಾರೂ ಕದಲಲಿಲ್ಲ. ಆಗ ಎದುರು ಮನೆಯ ಬಾಗಿಲು ತೆರೆದು ಕಲಾಯಿ ಸಾಬರು ಹೊರಗೆ ಬಂದರು. ಕೈಯಲ್ಲಿ ಅವರ ಹೆಂಡತಿಯ ಕೊಡ. ಜನ ದಾರಿ ಬಿಟ್ಟರು. ಅವರು ಮಾವನ ಮುಖವನ್ನು ಒಂದು ಗಳಿಗೆ ನೋಡಿದರು. ಬಯ್ಯುತ್ತಾರೆಂದುಕೊಂಡೆ. ಬಯ್ಯಲಿ ಎಂದೇ ಮಾವ ತಲೆ ತಗ್ಗಿಸಿ ನಿಂತಿದ್ದರು. ಸಾಬರು ಹಗ್ಗ ಹಿಡಿದು ನೀರು ಸೇದಿ ಕೊಡ ತುಂಬಿಸಿದರು. ಅವರ ಹಿಂದೆಯೇ ಉಳಿದ ಬಿಂದಿಗೆಗಳೂ ಬಾವಿಗೆ ಇಳಿದವು.

ಗಂಡಸಿಗೆ ಕೊಡ ಹೊತ್ತು ರೂಢಿ ಎಲ್ಲಿಂದ ಬರಬೇಕು? ಸಾಬರು ಅದನ್ನು ಸೊಂಟಕ್ಕೆ ಏರಿಸಲಾರದೆ, ತಲೆಗೂ ಎತ್ತಲಾರದೆ ಒದ್ದಾಡುತ್ತಿದ್ದರು. ಮಾವ ಮುಂದೆ ಹೋಗಿ ಕೊಡಕ್ಕೆ ಕೈ ಹಾಕಿದರು.

"ಬುಡಿ ಗೌಡ್ರೇ, ನಿಮ್ಗೆ ಒತ್ತು ಅಬ್ಯಾಸ ಇಲ್ಲ," ಎಂದರು ಸಾಬರು.

"ನಿಮ್ಗದ್ಯಾ?" ಎಂದರು ಮಾವ.

ಸಾಬರು ಕೊಡ ಬಿಟ್ಟುಕೊಟ್ಟರು. ಮಾವ ಅದನ್ನು ಹೆಗಲಿಗೇರಿಸಿ, ಅಂಗಿಯೆಲ್ಲ ನೆನೆಸಿಕೊಂಡು, ಎಡವುತ್ತ ಆ ಮನೆಯ ಹೊಸ್ತಿಲವರೆಗೆ ಹೊತ್ತುಕೊಂಡು ಹೋದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆಯಿಂದ ದಿನಾ ತಂದಾಕ್ಲಿ," ಎಂದರು. ಮಾವ ದಿನಾ ತಂದು ಹಾಕಿದರು.